ಮೊಗಸಾಲೆಯ ಮಾತು, ಕಲ್ಲಿನ ಧೂಳು



ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಕಟ್ಟಡ ಏಳುತ್ತಿದ್ದ ಒಂದು ಜಾಗಕ್ಕೆ ಹೋಗಿದ್ದೆವು. ಕೆಲಸಗಾರನೊಬ್ಬ ಯಂತ್ರದ ಗರಗಸದಿಂದ ಗ್ರಾನೈಟ್ ಚಪ್ಪಡಿ ಕೊಯ್ಯುತ್ತಿದ್ದ. ಎದ್ದ ಧೂಳು ನಮ್ಮ ದೀಪದ ಬೆಳಕಿನಲ್ಲಿ ಬಲು ಚೆಂದ ಕಾಣುತ್ತಿತ್ತು. "ಇನ್ನೊಮ್ಮೆ ಕೊಯ್ಯಪ್ಪ" ಎಂದೆ. ಆತ ಮೂಗಿಗೆ ಟವೆಲ್ ಬಿಗಿದುಕೊಂಡು ಮತ್ತೆ ಕೊಯ್ದ. ವಿಜ್ಞಾನ ಓದಿದ ನನಗೆ ಆ ಧೂಳು ಏನೆಂಬುದು ಆಗ ನೆನಪಾಗಬೇಕಿತ್ತು, ಆಗಲಿಲ್ಲ. ಈ ಮಾತನ್ನು ಹೇಳಿಯೇ ಇಂದಿನ ವಿಷಯಕ್ಕೆ ಬರುತ್ತೇನೆ.

ಕಲ್ಲು, ಮರಳು, ಕಾಂಕ್ರೀಟ್, ಇಟ್ಟಿಗೆ - ಇವೆಲ್ಲದರಲ್ಲೂ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಕಡಲ ತೀರದ ಮರಳಿನ ಕಣ ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ಆದರೆ ಗರಗಸ ಆಡಿದಾಗ ಅದರ ನೂರನೆಯ ಒಂದು ಪಾಲಿಗಿಂತ ಚಿಕ್ಕ ಕಣಗಳು ಏಳುತ್ತವೆ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಅಪಾಯಕಾರಿ. ಅದು ಶ್ವಾಸಕೋಶದಲ್ಲಿ ಕುಳಿತು ಅಂಗಾಂಶವನ್ನು ಗಾಯದ ಕಲೆಯಂತೆ ಗಡುಸಾಗಿಸುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ಹಿಂದಿರುಗುವ ರೋಗವಲ್ಲ. ನಮ್ಮ ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನೂ ಇದು ಕಾಡಿತ್ತು.

ಈ ಧೂಳನ್ನು ಕುರಿತು ಅಮೆರಿಕದಲ್ಲಿ ನಡೆದ ಒಂದು ದೀರ್ಘ ಜಗ್ಗಾಟದ ಕಥೆ ಕೇಳಿ. ಸರ್ಕಾರ, ಉದ್ಯಮ ಮತ್ತು ವಿಜ್ಞಾನ ಮುಖಾಮುಖಿಯಾದಾಗ ಏನಾಗುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಪಾಠ.

ಅಲ್ಲಿ ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುವ ಒಕ್ಕೂಟ ಸರ್ಕಾರದ ಸಂಸ್ಥೆಯ ಹೆಸರು 'ಓಶಾ'. 1971ರಲ್ಲಿ ಅದು ಒಪ್ಪಿಕೊಂಡ ಹಳೆಯ ಮಿತಿಯಂತೆ ಕಟ್ಟಡ ಕೆಲಸದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 250 ಮೈಕ್ರೋಗ್ರಾಂ ಸಿಲಿಕಾ ಇರಬಹುದಾಗಿತ್ತು. ಇದನ್ನು 50ಕ್ಕೆ ಇಳಿಸಬೇಕೆಂದು ಓಶಾ ಕರಡು ನಿಯಮ ಸಿದ್ಧಪಡಿಸಿ, 2011ರ ಫೆಬ್ರವರಿಯಲ್ಲಿ ಅಧ್ಯಕ್ಷರ ಕಾರ್ಯಾಲಯಕ್ಕೆ ಸೇರಿದ ಪರಿಶೀಲನಾ ಕಚೇರಿಗೆ ಕಳುಹಿಸಿತು. ಪರಿಶೀಲನೆಗೆ ಸಾಮಾನ್ಯವಾಗಿ ಗೊತ್ತುಪಡಿಸಿದ ಅವಧಿ 90 ದಿನ. ಕಡತ ಹೊರಬಂದದ್ದು ಎರಡೂವರೆ ವರ್ಷದ ನಂತರ, 2013ರ ಆಗಸ್ಟ್‌ನಲ್ಲಿ! ಈ ನಡುವೆ ಉದ್ಯಮ ಸಂಘಗಳ ಪ್ರತಿನಿಧಿಗಳು ಆ ಕಚೇರಿಯ ಬಾಗಿಲಿಗೆ ಹೋಗಿ ತಮ್ಮ ಅಹವಾಲು ಹೇಳಿಕೊಂಡರು.

ಇದನ್ನೇ ಲಾಬಿ ಎನ್ನುತ್ತಾರೆ. ಲಾಬಿ ಎಂದರೆ ಶಾಸನಸಭೆಯ ಮೊಗಸಾಲೆ. ಅಲ್ಲಿ ಕಾದು ನಿಂತು ಪ್ರತಿನಿಧಿಗಳ ಕಿವಿಗೆ ಮಾತು ಹಾಕುವ ಪದ್ಧತಿಗೂ ಅದೇ ಹೆಸರು ಬಂತು. ಇದು ಲಂಚವೇ ಎಂದು ನೀವು ಕೇಳಬಹುದು. ಅಲ್ಲ. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯೇ ಕೊಟ್ಟಿದೆ. ಆದರೆ ಯಾರು, ಯಾರ ಪರವಾಗಿ, ಎಷ್ಟು ಹಣ ಖರ್ಚು ಮಾಡಿ ಮಾತನಾಡುತ್ತಿದ್ದಾರೆ ಎಂಬುದು ಜನರಿಗೆ ತಿಳಿಯಬೇಕಲ್ಲವೇ? ಅದಕ್ಕಾಗಿ 1995ರಲ್ಲಿ ಲಾಬಿಗಾರರು ನೋಂದಾಯಿಸಿಕೊಂಡು ವರದಿ ಸಲ್ಲಿಸಬೇಕೆಂಬ ಕಾನೂನು ಬಂತು. 2007ರ ತಿದ್ದುಪಡಿ ಆ ವರದಿಯನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕೆಂದಿತು.

ಅಮೆರಿಕದ ಗುತ್ತಿಗೆದಾರರ ಹಳೆಯ ಸಂಘವಾದ 'ಅಸೋಸಿಯೇಟೆಡ್ ಜನರಲ್ ಕಾಂಟ್ರಾಕ್ಟರ್ಸ್' ಸ್ಥಾಪನೆಯಾದದ್ದು 1918ರಲ್ಲಿ. ಅದೂ ಸೇರಿ ಸುಮಾರು 25 ಸಂಘಗಳು ಸಿಲಿಕಾ ನಿಯಮದ ವಿಷಯದಲ್ಲಿ ಒಂದಾದವು. ನಿಯಮ ಪಾಲಿಸಲು ಕಟ್ಟಡ ಉದ್ಯಮಕ್ಕೆ ವರ್ಷಕ್ಕೆ ಸುಮಾರು 51 ಕೋಟಿ ಡಾಲರ್ ತಗಲುತ್ತದೆ ಎಂದು ಓಶಾ ಕರಡಿನಲ್ಲಿ ಲೆಕ್ಕ ಹಾಕಿತ್ತು. ಸಂಘಗಳು 2015ರಲ್ಲಿ ತಮ್ಮದೇ ಅಧ್ಯಯನ ಮುಂದಿಟ್ಟು, ಅಲ್ಲ, ಸುಮಾರು 500 ಕೋಟಿ ಎಂದವು. ಹೆಚ್ಚುಕಡಿಮೆ ಹತ್ತು ಪಟ್ಟು!

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಆತುರಪಡಬೇಡಿ. ಲೆಕ್ಕದ ಉತ್ತರ ನಿಂತಿರುವುದು ಯಾವುದನ್ನು ಕೂಡಿಸಿದಿರಿ ಎಂಬುದರ ಮೇಲೆ. ಕೊಳಾಯಿ, ವಿದ್ಯುತ್ ಕೆಲಸದವರಂಥ ಅನೇಕರನ್ನು ಸರ್ಕಾರ ಎಣಿಸಿಯೇ ಇಲ್ಲ ಎಂಬುದು ಸಂಘಗಳ ವಾದ. ಸಾಮಗ್ರಿಗಳ ಬೆಲೆ ಏರಿಕೆಯನ್ನೂ ಅವು ಸೇರಿಸಿದ್ದವು. ಸಣ್ಣ ಗುತ್ತಿಗೆದಾರನ ಕಷ್ಟ ಸುಳ್ಳಲ್ಲ. ದಿನಕ್ಕೊಂದು ಜಾಗ ಬದಲಿಸುವವನು ಗಾಳಿಯನ್ನು ಎಲ್ಲೆಂದು ಅಳೆಯಬೇಕು? ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು? ಹೊಸ ನಿಯಮದಿಂದ ವರ್ಷಕ್ಕೆ 600ಕ್ಕೂ ಹೆಚ್ಚು ಜೀವ ಉಳಿಯುತ್ತವೆ, 900ಕ್ಕೂ ಹೆಚ್ಚು ಹೊಸ ಸಿಲಿಕೋಸಿಸ್ ಪ್ರಕರಣಗಳು ತಪ್ಪುತ್ತವೆ ಎಂಬುದು ಓಶಾದ ಅಂದಾಜು. ಧೂಳಿಗೆ ಒಡ್ಡಿಕೊಳ್ಳುವ ಸುಮಾರು 23 ಲಕ್ಷ ಕಾರ್ಮಿಕರಲ್ಲಿ 20 ಲಕ್ಷ ಮಂದಿ ಕಟ್ಟಡ ಕೆಲಸದವರೇ.

2014ರಲ್ಲಿ 14 ದಿನ ಬಹಿರಂಗ ವಿಚಾರಣೆ ನಡೆಯಿತು. ವೈದ್ಯರು, ಮಾಲೀಕರು, ಕಾರ್ಮಿಕ ಸಂಘದವರು ಎಲ್ಲರೂ ಬಂದು ಮಾತನಾಡಿದರು. ಎರಡು ಸಾವಿರಕ್ಕೂ ಮೀರಿದ ಅಭಿಪ್ರಾಯ ಪತ್ರಗಳು ಬಂದವು. ಒಟ್ಟು ಪುಟ ಸುಮಾರು 34,000. ಕೊನೆಗೆ 2016ರ ಮಾರ್ಚ್‌ನಲ್ಲಿ ನಿಯಮ ಪ್ರಕಟವಾಯಿತು. ಮಿತಿ 50ಕ್ಕೇ ನಿಂತಿತು. ಅದರ ಜೊತೆಗೆ 18 ಬಗೆಯ ಕೆಲಸಗಳ ಒಂದು ಪಟ್ಟಿಯೂ ಬಂತು. ಗರಗಸಕ್ಕೆ ನೀರು ಹಾಯಿಸಿ, ಧೂಳು ಹೀರುವ ಯಂತ್ರ ಜೋಡಿಸಿ, ಅಗತ್ಯವಿದ್ದಲ್ಲಿ ಮುಖವಾಡ ಧರಿಸಿ. ಪಟ್ಟಿಯಲ್ಲಿ ಹೇಳಿದಂತೆ ಪೂರ್ತಿ ನಡೆದರೆ ಗಾಳಿ ಅಳೆಯುವ ಗೊಡವೆಯಿಲ್ಲ.

ವಿವಾದ ಅಲ್ಲಿಗೇ ಮುಗಿಯಲಿಲ್ಲ. ಎರಡೂ ಪಕ್ಷದವರು ನ್ಯಾಯಾಲಯಕ್ಕೆ ಹೋದರು. 2017ರ ಡಿಸೆಂಬರ್ 22ರಂದು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಉದ್ಯಮದ ಆಕ್ಷೇಪಗಳನ್ನೆಲ್ಲ ತಳ್ಳಿಹಾಕಿತು. ವೈದ್ಯರ ಸಲಹೆಯಂತೆ ಧೂಳಿನಿಂದ ದೂರವಿಡಬೇಕಾದ ಕಾರ್ಮಿಕರ ಸಂಬಳಕ್ಕೆ ರಕ್ಷಣೆ ಏಕಿಲ್ಲ ಎಂಬ ಕಾರ್ಮಿಕ ಸಂಘಗಳ ಪ್ರಶ್ನೆಯನ್ನು ಮಾತ್ರ ಮತ್ತೆ ಪರಿಶೀಲಿಸುವಂತೆ ಓಶಾಕ್ಕೆ ಸೂಚಿಸಿತು.

ಮಿತ್ರರೇ, ಇದರಿಂದ ನಾವು ಕಲಿಯುವುದೇನು? ತನ್ನ ಕಷ್ಟ ಹೇಳಿಕೊಳ್ಳುವ ಹಕ್ಕು ಗುತ್ತಿಗೆದಾರನಿಗೂ ಉಂಟು. ಆದರೆ ಸಂಘಕ್ಕೆ ರಾಜಧಾನಿಯಲ್ಲಿ ಕಚೇರಿ ಇರುತ್ತದೆ, ವಕೀಲರಿರುತ್ತಾರೆ, ಅಂಕಿಅಂಶ ಸಿದ್ಧಪಡಿಸುವ ತಜ್ಞರಿರುತ್ತಾರೆ. ಕೆಮ್ಮುವ ಕೂಲಿಕಾರನಿಗೆ ಯಾರಿರುತ್ತಾರೆ? ಮಾತು ಮುಚ್ಚಿದ ಬಾಗಿಲ ಹಿಂದೆ ನಡೆದಷ್ಟೂ ದಿನ ಹಣವಿದ್ದವರ ದನಿಯೇ ದೊಡ್ಡದು. ಬಹಿರಂಗ ವಿಚಾರಣೆಗೆ ಬಂದಾಗ ಇಬ್ಬರ ಪುರಾವೆಯೂ ಒಂದೇ ಮೇಜಿನ ಮೇಲೆ ಬೀಳುತ್ತದೆ.

ನಮ್ಮ ದೇಶದಲ್ಲಿ ಲಾಬಿಗಾರರ ನೋಂದಣಿಗೆ ಪ್ರತ್ಯೇಕ ಕಾನೂನಿಲ್ಲ. ಆದರೆ ಕೇಂದ್ರದ ಹೊಸ ಶಾಸನಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ನೀತಿ 2014ರಲ್ಲಿ ಬಂದಿದೆ. ಅಂಥ ಕರಡು ನಿಮ್ಮ ಕಣ್ಣಿಗೆ ಬಿದ್ದರೆ ಓದಿ. ಅಂಕಿ ಕಂಡಾಗ ಇದನ್ನು ಲೆಕ್ಕ ಹಾಕಿದವರು ಯಾರು, ಯಾವುದನ್ನು ಬಿಟ್ಟರು ಎಂದು ಕೇಳಿ. ತಿಳಿದದ್ದನ್ನು ಬರೆದು ಕಳುಹಿಸಿ.

ಅಂದು ನಮಗಾಗಿ ಎರಡು ಸಲ ಕಲ್ಲು ಕೊಯ್ದವನ ಹೆಸರನ್ನೂ ನಾನು ಕೇಳಲಿಲ್ಲ. ಆ ಗರಗಸಕ್ಕೆ ಒಂದು ನೀರಿನ ಕೊಳವೆ ಇದ್ದಿದ್ದರೆ ನಮ್ಮ ಚಿತ್ರದ ಚೆಂದ ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೇ.