ಗಾಳಿಗೆ ಹಾಡುವ ತಂತಿ, ನಡುಗುವ ರೆಕ್ಕೆ



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆ ಹೊಲಗಳ ಮೇಲೆ ಹಾದುಹೋಗುವ ಹೈಟೆನ್ಶನ್ ಲೈನನ್ನು ಟವರಿನ ಹತ್ತಿರ ನಿಂತು ನೋಡಿ. ತಂತಿಯ ಕೆಳಗೆ ಮೊಳದುದ್ದದ ಉಕ್ಕಿನ ಹುರಿ, ಅದರ ಎರಡೂ ತುದಿಗೆ ಒಂದೊಂದು ಗುಂಡು ತೂಗುತ್ತಿರುತ್ತದೆ. ತಂತಿಯನ್ನು ಗಾಳಿಯಿಂದ ಕಾಯುವುದೇ ಅದರ ಕೆಲಸ.

ಗಾಳಿ ತಂತಿಯನ್ನು ದಾಟಿದಾಗ ಅದರ ಹಿಂದೆ ಮೇಲೊಮ್ಮೆ, ಕೆಳಗೊಮ್ಮೆ ಸುಳಿ ಏಳುತ್ತದೆ. ಪ್ರತಿ ಸುಳಿಯೂ ತಂತಿಯನ್ನು ಚೂರು ಜಗ್ಗುತ್ತದೆ. ಗಾಳಿಯ ವೇಗ ಹೆಚ್ಚಿದಷ್ಟೂ, ತಂತಿ ಸಣ್ಣದಾದಷ್ಟೂ ಅದರ ಸ್ವರ ಏರುತ್ತದೆಂದು 1878ರಲ್ಲಿ ವಿಜ್ಞಾನಿ ಸ್ಟ್ರೌಹಾಲ್ ಅಳೆದು ತೋರಿಸಿದರು. 21 ಮಿ.ಮೀ. ದಪ್ಪದ ತಂತಿಗೆ ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ ತಾಗಿದರೆ ಸೆಕೆಂಡಿಗೆ ಸುಮಾರು 38 ಸಲ ಅಲುಗಾಟ! ಈ ಕೆಲಸ ಬಿರುಗಾಳಿಯದಲ್ಲ. ಮರಗಳಿಲ್ಲದ ಬಯಲಲ್ಲಿ ಒಂದೇ ಹದದಲ್ಲಿ ಬೀಸುವ ಮಂದಗಾಳಿಯೇ ವರ್ಷಗಟ್ಟಲೆ ನಡುಗಿಸಿ, ತಂತಿಯನ್ನು ಬಿಗಿಹಿಡಿದ ಕಡೆ ಎಳೆ ಎಳೆಯಾಗಿ ಕಡಿಯುತ್ತದೆ. 1920ರ ದಶಕದಲ್ಲಿ ಅಮೆರಿಕದ ಸ್ಟಾಕ್‌ಬ್ರಿಜ್ ರೂಪಿಸಿದ ಈ ಜೋಡಿಗುಂಡು ಆ ನಡುಕವನ್ನು ತಾನು ಹೀರಿಕೊಳ್ಳುತ್ತದೆ.

ವಿಮಾನದ ಕಥೆ ಇದಕ್ಕಿಂತ ಭೀಕರ. 1916ರಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲ ಹಾರಾಟದಲ್ಲೇ ಹುಚ್ಚೆದ್ದು ಅಲ್ಲಾಡಿತು. ಬಾಲದ ಎಡಬಲದ ಪಟ್ಟಿಗಳು ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಎರಡನ್ನೂ ಗಟ್ಟಿ ಕೊಳವೆಯಿಂದ ಜೋಡಿಸಿದ ಮೇಲೆ ತೊಂದರೆ ನಿಂತಿತು. ಇಲ್ಲಿ ಸುಳಿಗಳ ಲೆಕ್ಕ ಸಾಲದು. ರೆಕ್ಕೆ ಬಾಗಿ ತಿರುಚಿಕೊಂಡರೆ ಅದರ ಮೇಲಿನ ಗಾಳಿಯ ಒತ್ತಡವೇ ಬದಲಾಗುತ್ತದೆ. ಬದಲಾದ ಒತ್ತಡ ರೆಕ್ಕೆಯ ಅಲುಗಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದೇ ಫ್ಲಟರ್. ಇದರ ಗಣಿತವನ್ನು 1935ರಲ್ಲಿ ವಿಜ್ಞಾನಿ ಥಿಯೊಡೋರ್ಸನ್ ಬಿಡಿಸಿದರು. ಐದು ವರ್ಷಕ್ಕೆ, 1940ರ ನವೆಂಬರ್ 7ರಂದು, ಗಂಟೆಗೆ ಸುಮಾರು 64 ಕಿ.ಮೀ. ಗಾಳಿಗೆ ಅಮೆರಿಕದ ಟಕೋಮಾ ತೂಗುಸೇತುವೆ ತಿರುಚಿ ತಿರುಚಿ ನೀರಿಗೆ ಬಿತ್ತು. ವಿಮಾನದವರು ಅರಿತದ್ದು ಸೇತುವೆ ಕಟ್ಟುವವರಿಗೆ ಮುಟ್ಟಿರಲಿಲ್ಲ ಎಂಬುದೇ ನನಗೆ ಈ ಚರಿತ್ರೆಯ ಅತಿ ದೊಡ್ಡ ನೋವು.

ವಿಮಾನಗಳ ಅಧ್ಯಯನಕ್ಕೆಂದು ನಮ್ಮಲ್ಲಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ಶುರುವಾಯಿತು. 1967ರಲ್ಲಿ ಬೆಂಗಳೂರಿನದೇ ವಿಮಾನ ಸಂಶೋಧನಾಲಯ ಎನ್‌ಎಎಲ್‌ನ 1.2 ಮೀಟರ್ ಗಾಳಿ ಸುರಂಗ ಕೆಲಸಕ್ಕೆ ಬಂತು; ನಮ್ಮ ಯುದ್ಧವಿಮಾನ ತೇಜಸ್‌ನ ಮಾದರಿಗಳೂ ಅಲ್ಲಿ ಗಾಳಿ ಉಂಡಿವೆ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿತು. ಫ್ಲಟರ್‌ನ ಭಯದಿಂದಲೇ ಹೊಸ ವಿಮಾನದ ವೇಗವನ್ನು ಯಾರೂ ಒಮ್ಮೆಲೇ ಏರಿಸುವುದಿಲ್ಲ. ಒಂದೊಂದು ಮೆಟ್ಟಿಲಲ್ಲೂ ರೆಕ್ಕೆಯನ್ನು ಬೇಕೆಂದೇ ಅಲುಗಿಸಿ, ನಡುಕ ಎಷ್ಟು ಬೇಗ ಅಡಗುತ್ತದೆಂದು ಅಳೆಯುತ್ತಾರೆ. ಅಡಗಲು ತಡವಾಗತೊಡಗಿದರೆ, ಅಲ್ಲಿಂದಾಚೆ ವೇಗ ಏರಿಸುವುದಿಲ್ಲ.