ಅಕ್ಷರಕ್ಕೆ ತಕ್ಕ ಉಳಿ

ಮರದ ಹಲಗೆಯ ಮೇಲೆ ಹೆಸರು ಕೆತ್ತಬೇಕೆಂಬ ಆಸೆ ನಿಮಗಿದ್ದರೆ, ಉಳಿಗಳ ಪೆಟ್ಟಿಗೆಯನ್ನು ಕೊಳ್ಳಲು ಅವಸರಪಡಬೇಡಿ. ಮೊದಲು ಅಕ್ಷರವನ್ನು ಬರೆಯಿರಿ. ಉಳಿಯ ಮಾತು ಆಮೇಲೆ.

ರೋಮನ್ ಲಿಪಿಯ ಎಷ್ಟೋ ದೊಡ್ಡಕ್ಷರಗಳು ನೇರ ಗೆರೆಗಳೇ ಆದುದರಿಂದ ಅಲ್ಲಿ ಬಹುಪಾಲು ಕೆಲಸ ಚಪ್ಪಟೆ ಉಳಿಯಿಂದಲೇ ಸಾಗುತ್ತದೆ. ನಮ್ಮ ಕನ್ನಡದ ಅಕ್ಷರಗಳೋ ದುಂಡು. ಅವಕ್ಕೆ ಬಾಗಿದ ಬಾಯಿಯ ಉಳಿ ಬೇಕು. ಇದನ್ನರಿಯದೆ ನಾನು ತಂದೆಯವರ ಹೆಸರನ್ನು ಚಪ್ಪಟೆ ಉಳಿಯಿಂದಲೇ ಕೆತ್ತಹೊರಟೆ. ‘ರ’ಕಾರದ ಸುತ್ತು ಮೂಲೆಮೂಲೆಯಾಯಿತು, ತಿದ್ದಹೋದಾಗ ನಡುವಿನ ಮರವೇ ಎದ್ದುಬಂದಿತು. ಆ ಹಲಗೆ ಬಾಗಿಲಿಗೇರಲಿಲ್ಲ.

ಶೆಫೀಲ್ಡಿನ ಕ್ರಮದಲ್ಲಿ 3ನೆಯ ಸಂಖ್ಯೆಯ ಉಳಿ ಹೆಚ್ಚುಕಡಿಮೆ ಚಪ್ಪಟೆ, 9ನೆಯದು ಅರ್ಧವೃತ್ತ. ಆದರೆ ಸಂಖ್ಯೆಯೊಂದನ್ನೇ ನಂಬಬೇಡಿ. ಅದೇ 7ನೆಯ ಸಂಖ್ಯೆಯಲ್ಲಿ 6 ಮಿಲಿಮೀಟರ್ ಅಗಲದ ಉಳಿ ಸಣ್ಣ ವೃತ್ತದ ತುಂಡು, 20 ಮಿಲಿಮೀಟರಿನದು ದೊಡ್ಡ ವೃತ್ತದ ತುಂಡು.

ಪರೀಕ್ಷೆ ಸುಲಭ. ಅಕ್ಷರ ಬರೆದ ಕಾಗದದ ಮೇಲೆ ಉಳಿಯ ಬಾಯನ್ನು ನೆಟ್ಟಗೆ ಇಟ್ಟು ನೋಡಿ. ಅದು ಗೆರೆಯ ಮೇಲೆ ಸರಿಯಾಗಿ ಕುಳಿತರೆ ಅದೇ ನಿಮ್ಮ ಉಳಿ. ಬಾಗು ಹೆಚ್ಚಾದರೆ ಅಕ್ಷರದ ಅಂಚು ಅಲೆಯಲೆಯಾಗುತ್ತದೆ. ಕಡಿಮೆಯಾದರೆ ಮೂಲೆ ಬೀಳುತ್ತದೆ. ನೇರ ಗೆರೆಗೆ ಚಪ್ಪಟೆ ಉಳಿ, ದೊಡ್ಡ ಸುತ್ತಿಗೊಂದು, ಸಣ್ಣ ಸುತ್ತಿಗೊಂದು: ಆರಂಭಕ್ಕೆ ಮೂರು ಸಾಕು. ಮಿಕ್ಕ ಹಣಕ್ಕೆ ಒಳ್ಳೆಯ ಸಾಣೆಕಲ್ಲನ್ನು ಕೊಳ್ಳಿ. ಮೊಂಡು ಉಳಿ ಮರದ ನಾರನ್ನು ಕತ್ತರಿಸುವುದಿಲ್ಲ, ಕೀಳುತ್ತದೆ.

ಹೀಗೆ ಆರಿಸಿದ ಮೂರೇ ಉಳಿಗಳಿಂದ ನಾನು ಇನ್ನೊಂದು ಹಲಗೆ ಕೆತ್ತಿದೆ. ತಂದೆಯವರು ಏನೂ ಹೇಳಲಿಲ್ಲ. ‘ರ’ಕಾರದ ಸುತ್ತಿನಲ್ಲಿ ಒಮ್ಮೆ ಬೆರಳಾಡಿಸಿ ನೋಡಿದರು. ಆ ಹಲಗೆ ಇಂದೂ ನಮ್ಮ ಬಾಗಿಲಿನ ಮೇಲಿದೆ.