ಮೊಬೈಲಿನಲ್ಲಿ ಹೊಲ-ಮನೆಯ ಲೆಕ್ಕ: ಆ್ಯಪ್ ಆರಿಸುವ ಬಗೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಬೇಸಾಯಶಾಸ್ತ್ರದವನು. ಗೊಬ್ಬರ, ಕಳೆ, ಸಾಲಿನ ಅಂತರ ಇವುಗಳನ್ನು ಕುರಿತು ಹೇಳಬೇಕಾದವನು ಮೊಬೈಲಿನ ವಿಷಯ ಎತ್ತಿದ್ದೇಕೆ ಎಂದು ತಮಗೆ ಅನ್ನಿಸಬಹುದು. ಕಾರಣವಿದೆ. ಕಳೆದ ವರ್ಷ ಗೋವಿನಜೋಳದ ರಾಶಿ ಮುಗಿದ ಮೇಲೆ ಒಬ್ಬ ರೈತರು ತಮ್ಮ ಹೆಂಡತಿಯೊಡನೆ ನನ್ನಲ್ಲಿಗೆ ಬಂದರು. ಮೂರು ಎಕರೆ ಮಳೆಯಾಶ್ರಿತ ಜಮೀನು. ಅವರ ಮೊಬೈಲಿನಲ್ಲಿ ಹಣದ ಲೆಕ್ಕವಿಡುವ ಒಂದು ಆ್ಯಪ್ ಇತ್ತು. "ಸರ್, ಈ ವರ್ಷ ಒಂದು ಲಕ್ಷದ ಮೇಲೆ ಉಳಿದೈತಿ. ಮುಂಗಡ ಕಟ್ಟಿ ಒಂದು ಗೂಡ್ಸ್ ಗಾಡಿ ತಗೊಳ್ಳೋಣ ಅಂತ ಮಾಡೀನಿ" ಎಂದರು. ಮೂರು ಎಕರೆ ಗೋವಿನಜೋಳದಲ್ಲಿ ಒಂದು ಲಕ್ಷ ಉಳಿಯುವುದು ನನಗೆ ನಂಬಲಾಗಲಿಲ್ಲ. ಕುಳಿತು ನೋಡಿದೆವು.

ಆ ಆ್ಯಪ್ ಬ್ಯಾಂಕಿನಿಂದ ಬರುವ ಸಂದೇಶಗಳನ್ನು ತಾನೇ ಓದಿ, ಬಂದದ್ದೆಲ್ಲ ಜಮಾ, ಹೋದದ್ದೆಲ್ಲ ಖರ್ಚು ಎಂದು ಬರೆದುಕೊಳ್ಳುವ ಜಾತಿಯದು. ಜಮಾ ಕಡೆ 2,56,000 ರೂಪಾಯಿ ಇತ್ತು. ಅದರಲ್ಲಿ 60 ಕ್ವಿಂಟಲ್ ಜೋಳ ಮಾರಿದ್ದು 1,20,000. ಉಳಿದದ್ದು ಏನು? ಬೆಳೆಸಾಲ ಖಾತೆಗೆ ಬಿದ್ದದ್ದು 90,000. ಪಿಎಂ ಕಿಸಾನ್ ಯೋಜನೆಯ ಮೂರು ಕಂತು 6,000. ತಮ್ಮದೇ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹಾಕಿಕೊಂಡದ್ದು 40,000. ಸಾಲವೂ ಆದಾಯ, ಎಡಗೈಯಿಂದ ಬಲಗೈಗೆ ಬಂದದ್ದೂ ಆದಾಯ! ಖರ್ಚಿನ ಕಡೆ ಬೀಜ, ಗೊಬ್ಬರ, ಕಳೆನಾಶಕಕ್ಕೆ 31,000, ಟ್ರ್ಯಾಕ್ಟರ್ ಬಾಡಿಗೆ 14,000, ಆ ಬ್ಯಾಂಕ್ ಬದಲಾವಣೆಯ 40,000, ಮತ್ತು ಎಟಿಎಂನಿಂದ ತೆಗೆದದ್ದು 70,000. ಈ 70,000 ಎಲ್ಲಿಗೆ ಹೋಯಿತೆಂಬುದು ಆ್ಯಪಿಗೆ ಗೊತ್ತಿಲ್ಲ. ಅದಕ್ಕೆ ಸಂದೇಶ ಬಂದಿರಲಿಲ್ಲವಲ್ಲ. ಕಳೆದು ಉಳಿದದ್ದು 1,01,000.

ಎಟಿಎಂ ಹಣದ ಗುಟ್ಟು ಆ ತಾಯಿಗೆ ತಿಳಿದಿತ್ತು. ಅವರು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ದಿನ ಎಷ್ಟು ಆಳು ಬಂದರೆಂದು ಗೀಟು ಹಾಕಿಟ್ಟಿದ್ದರು. ಮರುದಿನ ಅದನ್ನೇ ತಂದರು. ಕೂಲಿಗೆ 27,000, ಒಕ್ಕಣೆ, ಚೀಲ, ಸಾಗಣೆಗೆ 15,000, ಉಳಿದ 28,000 ಮನೆವಾರ್ತೆಗೆ. ಈಗ ಬೆಳೆಯ ಲೆಕ್ಕ ಮಾಡಿ: ಮಾರಾಟ 1,20,000, ಕೈಯಿಂದ ಹೋದ ಖರ್ಚು 87,000, ಉಳಿದದ್ದು 33,000. ಸಾಲದ ಬಡ್ಡಿ 3,600 ಕಳೆದರೆ 29,400. ಗಂಡ-ಹೆಂಡತಿ ಸೇರಿ 65 ಆಳಿನಷ್ಟು ದುಡಿದಿದ್ದರು. ಆಳಿಗೆ 400 ರೂಪಾಯಿಯಂತೆ ಅದು 26,000. ಹೊಲ ತಂದ ನಿಜವಾದ ಲಾಭ 3,400 ರೂಪಾಯಿ. ಬ್ಯಾಂಕಿನಲ್ಲಿ 1,01,000 ಇದ್ದದ್ದು ಸುಳ್ಳಲ್ಲ. ಆದರೆ ಅದರಲ್ಲಿ 93,600 ಸಹಕಾರ ಸಂಘಕ್ಕೆ ಸೇರಿದ್ದು. ಗಾಡಿಗೆ ಮುಂಗಡ ಕಟ್ಟಿದ್ದರೆ ಸಾಲದ ಗಡುವು ತಪ್ಪುತ್ತಿತ್ತು, ಗಡುವು ತಪ್ಪಿದರೆ ಬಡ್ಡಿಯ ರಿಯಾಯಿತಿಯೂ ಹೋಗುತ್ತಿತ್ತು.

ದೋಷ ಆ ರೈತರದಲ್ಲ. ಆ್ಯಪ್ ಕೆಟ್ಟದ್ದೂ ಅಲ್ಲ. ತಿಂಗಳ ಸಂಬಳ ಬರುವವನಿಗಾಗಿ, ಎಲ್ಲವನ್ನೂ ಕಾರ್ಡಿನಿಂದಲೇ ಕೊಳ್ಳುವವನಿಗಾಗಿ ಮಾಡಿದ್ದು ಅದು. ಎರೆಭೂಮಿಯ ತಳಿಯನ್ನು ಕೆಂಪು ಮಸಾರಿಯಲ್ಲಿ ಬಿತ್ತಿದಂತಾಯಿತು. ಆದುದರಿಂದ ಆರಿಸುವುದಕ್ಕೆ ಮೊದಲು ನಮಗೆ ಬೇಕಾದ ಗುಣಗಳು ಯಾವುವೆಂದು ತಿಳಿದಿರಬೇಕು.

ಈಗ ದೊರೆಯುವ ಆ್ಯಪ್‌ಗಳಲ್ಲಿ ಕೆಲವು ಬಗೆಗಳಿವೆ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕಳಿಸುವ ಆ್ಯಪ್ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಇದೆ. ಅದರಲ್ಲಿ ಹಿಂದಿನ ವ್ಯವಹಾರದ ಪಟ್ಟಿ ಸಿಗುತ್ತದೆ, ಆದರೆ ಅದು ಲೆಕ್ಕಪುಸ್ತಕವಲ್ಲ. ಒಂದು ಉಪಯೋಗ ಮಾತ್ರ ಮಾಡಿಕೊಳ್ಳಬಹುದು: ಹಣ ಕಳಿಸುವಾಗ ಟಿಪ್ಪಣಿ ಬರೆಯುವ ಜಾಗದಲ್ಲಿ "ಕೆರೆ ಹೊಲ, ಯೂರಿಯಾ" ಎಂದು ಬರೆಯಿರಿ. ಎರಡನೆಯದು ಈಗ ಹೇಳಿದ, ಸಂದೇಶ ಓದುವ ಜಾತಿ. ಮೂರನೆಯದು ಅಂಗಡಿಕಾರರ ಉದ್ರಿ ಪುಸ್ತಕ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದಕ್ಕೆ ಅದು ಒಳ್ಳೆಯದು, ಬೆಳೆಯ ಲೆಕ್ಕಕ್ಕೆ ಸಾಲದು. ಬರೆದ ಕೂಡಲೇ ಎದುರಿನವರಿಗೆ ತಾನಾಗಿ ಸಂದೇಶ ಕಳಿಸುವುದೂ ಅಂತಹ ಕೆಲವುಗಳ ಅಭ್ಯಾಸ. ಕೈಗಡ ಕೊಟ್ಟ ಬೀಗರಿಗೆ ರಾತ್ರಿ ಹತ್ತಕ್ಕೆ ಅಂತಹ ಸಂದೇಶ ಹೋದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಅದನ್ನು ನಿಲ್ಲಿಸುವ ಗುಂಡಿ ಇದೆಯೇ ಎಂದು ಮೊದಲು ನೋಡಿ. ನಾಲ್ಕನೆಯದು ನಾವೇ ಕೈಯಿಂದ ಬರೆಯುವ ಜಮಾ-ಖರ್ಚಿನ ಆ್ಯಪ್. ಕೊನೆಯದು ಗೂಗಲ್ ಶೀಟ್ಸ್, ಎಕ್ಸೆಲ್‌ನಂತಹ ಬರಿಯ ಕೋಷ್ಟಕ. ಓದಿದ ಮಗನೋ ಮಗಳೋ ಮನೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ನಾಲ್ಕನೆಯ ಬಗೆಯೇ ನಮಗೆ ಹೊಂದುತ್ತದೆಂಬುದು ನನ್ನ ಅಭಿಪ್ರಾಯ. ಕೈಯಿಂದ ಬರೆಯುವುದು ಬೇಸರವೆಂದು ಹೇಳುವವರಿದ್ದಾರೆ. ದಿನಕ್ಕೆ ನಾಲ್ಕು ಸಾಲು ಬರೆಯುವುದು ಒಂದು ಬೀಡಿ ಸೇದುವ ಹೊತ್ತೂ ಹಿಡಿಯುವುದಿಲ್ಲ.

ಆರಿಸುವಾಗ ಮುಖ್ಯವಾಗಿ ಪರೀಕ್ಷಿಸಬೇಕಾದದ್ದು ಸಾಲದ ವಿಷಯ. ಸಾಲವನ್ನು ಆದಾಯವೆಂದು ಬರೆಯದೆ, ಪ್ರತ್ಯೇಕ ಖಾತೆಯಾಗಿ ಇಡಲು ಸಾಧ್ಯವೇ? ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದ ಹಣಕ್ಕೆ ವರ್ಗಾವಣೆ ಎಂಬ ಬೇರೆ ಜಾಗ ಇದೆಯೇ? ಎಟಿಎಂನಿಂದ ತೆಗೆದ ಹಣವೂ ವರ್ಗಾವಣೆಯೇ, ಬ್ಯಾಂಕಿನಿಂದ ಜೇಬಿಗೆ. ಜೇಬಿನಿಂದ ಕೂಲಿಗೆ ಹೋದಾಗ ಅದು ಖರ್ಚು. ಈ ಎರಡು ಅನುಕೂಲ ಇಲ್ಲದ ಆ್ಯಪ್ ಎಷ್ಟೇ ಅಂದವಾಗಿದ್ದರೂ ಕೈಬಿಡಿ.

ಬಡ್ಡಿಯ ವಿಷಯದಲ್ಲೂ ಎಚ್ಚರ ಬೇಕು. ಹಳ್ಳಿಯಲ್ಲಿ ನಾವು ಎರಡು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ನೂರಕ್ಕೆ ಎರಡು, ಅಂದರೆ ವರ್ಷಕ್ಕೆ ಶೇ. 24. ಆ್ಯಪ್ ಸಾಮಾನ್ಯವಾಗಿ ವಾರ್ಷಿಕ ದರ ಕೇಳುತ್ತದೆ. ಅಲ್ಲಿ 2 ಎಂದು ಹಾಕಿದರೆ ಸಾಲ ಬಲು ಅಗ್ಗವಾಗಿ ಕಾಣುತ್ತದೆ! 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲದಲ್ಲಿ, ನಿಗದಿತ ಮಿತಿಯೊಳಗೆ, ಶೇ. 7ರ ಬಡ್ಡಿಯು ಸಕಾಲದಲ್ಲಿ ತೀರಿಸಿದವರಿಗೆ ಶೇ. 4ಕ್ಕೆ ಇಳಿಯುತ್ತದೆ. ಒಂದು ದಿನ ತಡವಾದರೂ ಆ ಮೂರು ಹೋಯಿತು. ಆದುದರಿಂದ ಗಡುವಿಗೆ ಹದಿನೈದು ದಿನ ಮುಂಚೆ ನೆನಪಿಸುವ ಸೌಕರ್ಯ ಇರುವ ಆ್ಯಪ್ ಆ ಒಂದೇ ಕೆಲಸದಿಂದ ತನ್ನ ಖರ್ಚು ತೀರಿಸುತ್ತದೆ.

ಇನ್ನು ಬೆಳೆವಾರು ಲೆಕ್ಕ. ಖರ್ಚಿನ ಶೀರ್ಷಿಕೆಗಳನ್ನು ನಮಗೆ ಬೇಕಾದಂತೆ ಕನ್ನಡದಲ್ಲಿಯೇ ಬರೆದುಕೊಳ್ಳಲು ಬರಬೇಕು. ಸಿನಿಮಾ, ಹೋಟೆಲ್, ಜಿಮ್ ಎಂಬ ಶೀರ್ಷಿಕೆಗಳು ನಮಗೇತಕ್ಕೆ? ಬಿತ್ತನೆ, ಕುಂಟೆ, ಕಳೆ, ಕಟಾವು ಎಂದಿರಲಿ. ಪ್ರತಿ ನಮೂದಿಗೂ ಹೊಲದ ಹೆಸರಿನ ಗುರುತು ಹಾಕಿ, ಆ ಗುರುತಿನ ಮೊತ್ತ ಮಾತ್ರ ಕೂಡಿಸಿ ನೋಡಲು ಸಾಧ್ಯವಾಗಬೇಕು. ಅನೇಕ ಆ್ಯಪ್‌ಗಳು ತಿಂಗಳ ಲೆಕ್ಕ ಮಾತ್ರ ತೋರಿಸುತ್ತವೆ. ನಮ್ಮ ಲೆಕ್ಕ ಜೂನಿನ ಬಿತ್ತನೆಯಿಂದ ನವೆಂಬರಿನ ಮಾರಾಟದವರೆಗಿನದು, ಕಬ್ಬು ಬೆಳೆಯುವವರಿಗೆ ವರ್ಷವೂ ದಾಟುತ್ತದೆ. ಇಂತಹ ದಿನದಿಂದ ಇಂತಹ ದಿನದವರೆಗೆ ಎಂದು ಕೇಳಿ ತೆಗೆಯಲು ಬರಬೇಕು. ಮಾರುಕಟ್ಟೆಯ ಪಟ್ಟಿಯಲ್ಲಿ ಹಮಾಲಿ, ಸಾಗಣೆ, ವರ್ತಕರಿಂದ ಮೊದಲೇ ಪಡೆದ ಮುಂಗಡ ಎಲ್ಲ ಕಳೆದು ಕೈಗೆ ಬಂದ ಮೊತ್ತವನ್ನಷ್ಟೇ ಬರೆಯಬೇಡಿ. ಪೂರ್ಣ ಬೆಲೆಯನ್ನು ಜಮಾ ಮಾಡಿ, ಕಡಿತಗಳನ್ನು ಬೇರೆಯಾಗಿ ಬರೆಯಿರಿ.

ಮನೆಯವರ ದುಡಿಮೆಗೆ ಇಂತಹ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಮುಯ್ಯಾಳಿಗಂತೂ ಇನ್ನೂ ಅಪರೂಪ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಉತ್ಪಾದನಾ ವೆಚ್ಚ ಲೆಕ್ಕ ಹಾಕುವಾಗ ಕೈಯಿಂದ ಕೊಟ್ಟ ಖರ್ಚಿನ ಮೇಲೆ ಕುಟುಂಬದ ದುಡಿಮೆಯ ಮೌಲ್ಯವನ್ನೂ ಸೇರಿಸಿ ನೋಡುತ್ತದೆ. ಸರ್ಕಾರವೇ ಎಣಿಸುವುದನ್ನು ನಾವೇಕೆ ಬಿಡಬೇಕು? ಇದಕ್ಕಾಗಿ "ಮನೆ ಆಳು" ಎಂಬ ಒಂದು ಖಾತೆ ತೆರೆದು, ದುಡಿದ ದಿನಗಳ ಕೂಲಿಯನ್ನು ಹೊಲಕ್ಕೆ ಖರ್ಚು, ಆ ಖಾತೆಗೆ ಜಮಾ ಎಂದು ಬರೆಯಿರಿ. ಜೇಬಿನ ಹಣಕ್ಕೆ ಅದು ತಾಕುವುದಿಲ್ಲ, ಹೊಲದ ನಿಜಸ್ಥಿತಿ ಮಾತ್ರ ಕಾಣುತ್ತದೆ.

ಮುಂದಿನ ವಿಷಯ ಅನುಮತಿಗಳದು. ಆ್ಯಪ್ ಹಾಕಿಕೊಳ್ಳುವಾಗ ಅದು ನಿಮ್ಮ ಸಂಪರ್ಕಗಳ ಪಟ್ಟಿ, ಚಿತ್ರಗಳು, ನೀವಿರುವ ಸ್ಥಳ ಎಲ್ಲವನ್ನೂ ನೋಡಲು ಒಪ್ಪಿಗೆ ಕೇಳಬಹುದು. ಕೈಯಿಂದ ಲೆಕ್ಕ ಬರೆಯಲು ಇವುಗಳಲ್ಲಿ ಒಂದೂ ಬೇಡ. ಕೊಡಬೇಡಿ. ಒಪ್ಪಿಗೆಯಿಲ್ಲದೆ ನಡೆಯುವುದಿಲ್ಲ ಎಂದರೆ ಅದನ್ನು ತೆಗೆದುಹಾಕಿ. ಉಚಿತವಾಗಿ ಸಿಗುವ ಕೆಲವು ಲೆಕ್ಕದ ಆ್ಯಪ್‌ಗಳು ಸ್ವಲ್ಪ ದಿನದಲ್ಲಿಯೇ "ನಿಮಗೆ ಇಷ್ಟು ಸಾಲ ಮಂಜೂರಾಗಿದೆ" ಎನ್ನತೊಡಗುತ್ತವೆ. ಅವುಗಳ ಸಂಪಾದನೆ ಅಲ್ಲಿದೆ. ಮೊಬೈಲ್ ಸಾಲದ ಹಾವಳಿ ಹೆಚ್ಚಿದ್ದರಿಂದ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ನಿಯಮಗಳನ್ನು ಹೊರಡಿಸಿ, ಸಾಲದ ಆ್ಯಪ್‌ಗಳು ಮೊಬೈಲಿನ ಕಡತಗಳು, ಸಂಪರ್ಕಪಟ್ಟಿ, ಕರೆಗಳ ದಾಖಲೆಗಳಿಗೆ ಕೈಹಾಕಬಾರದೆಂದು ವಿಧಿಸಿತು. ನಿಯಮವಿದೆಯೆಂದು ಬೇಲಿ ಹಾಕದೆ ಇರುವುದು ಬೇಡ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಆ್ಯಪ್ ನನಗೆ ಬಹಳ ಹಿಡಿಸಿ, ತರಬೇತಿಗೆ ಬಂದವರಿಗೆಲ್ಲ ಅದನ್ನೇ ಹಾಕಿಸಿದೆ. ಎರಡು ಹಂಗಾಮು ಕಳೆಯುವಷ್ಟರಲ್ಲಿ ಅದನ್ನು ಮಾಡಿದವರು ನಿಲ್ಲಿಸಿಬಿಟ್ಟರು. ಬರೆದದ್ದನ್ನು ಹೊರತೆಗೆಯುವ ದಾರಿ ಅದರಲ್ಲಿರಲಿಲ್ಲ. ಒಬ್ಬ ಹಿರಿಯರು "ಮೇಷ್ಟ್ರೇ, ನಮ್ಮ ಅಪ್ಪನ ಕಾಲದ ಚೋಪಡಿ ಇನ್ನೂ ಅಟ್ಟದ ಮೇಲಿದೆ" ಎಂದಷ್ಟೇ ಹೇಳಿದರು. ದೊಡ್ಡ ಕಂಪನಿಗಳದ್ದೂ ಇದೇ ಕಥೆ. ಮೈಕ್ರೋಸಾಫ್ಟ್ ತನ್ನ ಮನಿ ಎಂಬ ತಂತ್ರಾಂಶದ ಮಾರಾಟವನ್ನು 2009ರಲ್ಲಿ ನಿಲ್ಲಿಸಿತು. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ 2024ರ ಮಾರ್ಚಿನಲ್ಲಿ ಮುಚ್ಚಿತು. ಆದುದರಿಂದ ಬರೆದದ್ದನ್ನೆಲ್ಲ ಸಿಎಸ್‌ವಿ ಎಂಬ ಸಾದಾ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದು ಮೊದಲ ದಿನವೇ, ಎರಡು ಸಾಲು ಬರೆದು, ತೆಗೆದು ನೋಡಬೇಕು. ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಂಡರೆ ಗಾಬರಿ ಬೇಡ. ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆದರೆ ಸರಿಹೋಗುತ್ತದೆ. ತಿಂಗಳಿಗೊಮ್ಮೆ ಆ ಕಡತವನ್ನು ನಿಮ್ಮದೇ ಇ-ಮೇಲಿಗೆ ಕಳಿಸಿಕೊಳ್ಳಿ. ಫೋನು ಕೃಷಿಹೊಂಡಕ್ಕೆ ಬಿದ್ದರೂ ಲೆಕ್ಕ ಮುಳುಗುವುದಿಲ್ಲ.

ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ನಿಂತು ಬರೆಯಲು ಬರುತ್ತದೆಯೇ, ತೆರೆಯಲು ಗುಪ್ತಸಂಖ್ಯೆ ಇದೆಯೇ, ಅಕ್ಷರ ದೊಡ್ಡದಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಹೊಸ ತಳಿಯನ್ನು ಮೊದಲು ಎರಡು ಗುಂಟೆಯಲ್ಲಿ ಬೆಳೆದು ನೋಡುವಂತೆ, ಒಂದು ತಿಂಗಳು ನೋಟುಪುಸ್ತಕ ಮತ್ತು ಮೊಬೈಲ್ ಎರಡರಲ್ಲಿಯೂ ಬರೆದು ತಾಳೆ ನೋಡಿ. ತಾಳೆಯಾಗದಿದ್ದರೆ ಇನ್ನೊಂದು ಆ್ಯಪ್ ನೋಡಿ, ನೋಟುಪುಸ್ತಕವನ್ನು ಮಾತ್ರ ಬಿಡಬೇಡಿ.

ಯಾರು ಬರೆಯಬೇಕು ಎಂದು ಬೆಳಗ್ಗೆ ಒಬ್ಬ ಸೋದರಿ ಕೇಳಿದರು. ಯಾರ ಕೈಯಿಂದ ಕೂಲಿ ಬಟವಾಡೆ ಆಗುತ್ತದೆಯೋ ಅವರೇ. ಮೊದಲು ಹೇಳಿದ ಆ ಮನೆಯಲ್ಲಿ ಈಗ ಆ ತಾಯಿಯ ಮೊಬೈಲಿನಲ್ಲಿ ಲೆಕ್ಕವಿದೆ. ಸಾಲ ಗಡುವಿಗೆ ಮೊದಲೇ ತೀರಿತು, ಗಾಡಿಯ ಮಾತು ಮುಂದಕ್ಕೆ ಹೋಯಿತು. ಈ ಮುಂಗಾರಿನಲ್ಲಿ ಒಂದು ಎಕರೆಗೆ ಜೋಳದ ನಡುವೆ ತೊಗರಿ ಹಾಕಿ, ಅದಕ್ಕೆ ಬೇರೆ ಗುರುತು ಕೊಟ್ಟು ಬರೆಯುತ್ತಿದ್ದಾರೆ. ಕ್ಯಾಲೆಂಡರಿಗೆ ಗೀಟು ಹಾಕುವುದನ್ನೂ ಬಿಟ್ಟಿಲ್ಲ.